ಹಿತ್ತಿಲನ್ನು ಅಷ್ಟು ಗುಡಿಸಬೇಡಿ

ಹಿತ್ತಿಲಿಗೆ ಹಕ್ಕಿ ಬರಲೆಂದು ನನ್ನ ಮೊಮ್ಮಗ ಶಿರಸಿ ಪೇಟೆಯಿಂದ ಹಸಿರು ಪ್ಲಾಸ್ಟಿಕ್ ಡಬ್ಬಿಯೊಂದನ್ನು ತಂದು, ಸಜ್ಜೆ ತುಂಬಿ, ಮಾವಿನ ಟೊಂಗೆಗೆ ಕಟ್ಟಿದ. ಎರಡು ದಿನ ಅಳಿಲು ಮೇಯಿತು. ಮೂರನೆಯ ದಿನದ ಅಡ್ಡಮಳೆಗೆ ಉಳಿದ ಕಾಳು ಮೊಳಕೆಯೊಡೆಯಿತು. ನಮ್ಮ ಕಡೆ ಮನೆಯ ಸುತ್ತ ಓಡಾಡುವ ಹಕ್ಕಿಗಳಲ್ಲಿ ಕಾಳಿಗೆ ಬಾಯಿ ಹಾಕುವವು ಕಡಿಮೆ. ಪಿಕಳಾರಕ್ಕೆ, ಕುಟ್ರುಹಕ್ಕಿಗೆ ಹಣ್ಣು ಬೇಕು. ಮಡಿವಾಳ ಹಕ್ಕಿಗೆ ಹುಳ ಬೇಕು. ಸೂರಕ್ಕಿಗೆ ಹೂವು ಬೇಕು. ಇವನ್ನೆಲ್ಲ ಅಂಗಡಿಯಿಂದ ತರಲಾಗುವುದಿಲ್ಲ.

ಮೊದಲು ನೀರಿಡಿ. ಶಿವರಾತ್ರಿ ಕಳೆದರೆ ಹಳ್ಳ ಬತ್ತುತ್ತದೆ, ಆಗ ನೀರಿದ್ದಲ್ಲಿಗೆ ಹಕ್ಕಿ ತಾನಾಗಿ ಬರುತ್ತದೆ. ತೋಟದಲ್ಲಿ ಬಿದ್ದ ಅಗಲವಾದ ಅಡಿಕೆ ಹಾಳೆಯೊಂದನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಎರಡೂ ತುದಿ ಮಡಚಿ ಬಿದಿರಿನ ಕಡ್ಡಿ ಚುಚ್ಚಿದರೆ ಸಾಕು. ನೀರು ಎರಡು ಬೆರಳು ಅಗಲದಷ್ಟೇ ಆಳವಿರಲಿ, ನಡುವೆ ಒಂದು ಒರಟು ಚಿರೇಕಲ್ಲಿನ ಚೂರು ಇರಲಿ. ಪಿಂಗಾಣಿಯಂಥ ನುಣುಪಿನ ಪಾತ್ರೆಯಲ್ಲಿ ಕಾಲು ಜಾರುತ್ತದೆ, ಹಕ್ಕಿ ಇಳಿಯುವುದೇ ಇಲ್ಲ. ಪೊದೆಯ ಪಕ್ಕದಲ್ಲಿ ಇಡಬೇಡಿ, ಅಲ್ಲಿ ಬೆಕ್ಕು ಹೊಂಚು ಹಾಕುತ್ತದೆ. ನೀರನ್ನು ದಿನವೂ ಬದಲಿಸಿ. ವಾರಗಟ್ಟಲೆ ಬಿಟ್ಟರೆ ನೀವು ಸಾಕುವುದು ಸೊಳ್ಳೆಯನ್ನು. ಅಡಿಕೆಗೆ ಮದ್ದು ಹೊಡೆಯುವ ದಿನ ಮಾತ್ರ ಹಾಳೆಯನ್ನು ಮಗುಚಿಡಿ, ಮೈಲುತುತ್ತದ ಹನಿ ಅದರಲ್ಲಿ ಬೀಳಬಾರದು.

ಗಿಡಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ದಾಸವಾಳ, ಬಾಳೆ, ಬೇಲಿಗೆ ಹಾಲವಾಣ, ಜಾಗವಿದ್ದರೆ ಒಂದು ಸಂಪಿಗೆ. ಸಂಪಿಗೆಯ ಹೂವು ನಮಗೆ, ಕೆಂಪು ಬೀಜ ಅವಕ್ಕೆ. ಆದರೆ ಸೂಜಿಮೆಣಸನ್ನು ಮರೆಯಬೇಡಿ. ನಾಲಿಗೆ ಸುಡುವ ಆ ಮೆಣಸನ್ನು ಪಿಕಳಾರ ದ್ರಾಕ್ಷಿಯಂತೆ ನುಂಗುವುದನ್ನು ಕಂಡು ಸೊಸೆ ಗಾಬರಿಯಾಗಿದ್ದಳು. ಹಕ್ಕಿಗಳಿಗೆ ಮೆಣಸಿನ ಖಾರ ತಾಗುವುದೇ ಇಲ್ಲ. ಬೀಜ ಕೆಡದೆ ಹಿಕ್ಕೆಯಲ್ಲಿ ಬಿದ್ದು ಮೊಳೆಯುತ್ತದೆ. ನಮ್ಮ ಹಿತ್ತಿಲಿನಲ್ಲಿ ಮೂವತ್ತು ವರ್ಷಗಳಿಂದ ಸೂಜಿಮೆಣಸು ಇದೆ, ನಾನು ಒಂದು ಗಿಡವನ್ನೂ ನೆಟ್ಟವಳಲ್ಲ.

ಉಳಿದ ಅನ್ನ ಎರಚುವ ಅಭ್ಯಾಸ ಒಳ್ಳೆಯದೇ, ಉಪ್ಪು ಹಾಕಿದ ಚಿತ್ರಾನ್ನ, ಒಗ್ಗರಣೆ ಅವಲಕ್ಕಿ ಬೇಡ.

ಇನ್ನು ಪೊರಕೆಯ ಮಾತು. ನನಗೂ ಚೊಕ್ಕಟದ ಹುಚ್ಚಿತ್ತು, ವಾರಕ್ಕೊಮ್ಮೆ ಸೂರಿನಡಿಯ ಜೇಡರ ಬಲೆಯನ್ನೆಲ್ಲ ತೆಗೆಯುತ್ತಿದ್ದೆ. ಒಂದು ಫಾಲ್ಗುಣದಲ್ಲಿ ಕೈನೋವಾಗಿ ತೆಗೆಯಲಾಗಲಿಲ್ಲ. ಹೆಬ್ಬೆರಳಿಗಿಂತ ತುಸು ದೊಡ್ಡದಾದ ಸೂರಕ್ಕಿ ಬಂದು ಬಲೆಯ ನೂಲನ್ನು ಕೊಕ್ಕಿಗೆ ಸುತ್ತಿಕೊಂಡು ಹೋಗಿ, ಬಟ್ಟೆ ಒಣಗಿಸುವ ತಂತಿಗೆ ಗೂಡು ನೇಯಿತು. ತೊಗಟೆಯ ಚೂರು, ಒಣ ಎಲೆ, ಕಂಬಳಿಹುಳದ ಹಿಕ್ಕೆ, ಎಲ್ಲವನ್ನೂ ಹಿಡಿದು ನಿಲ್ಲಿಸಿದ್ದು ಆ ಬಲೆಯೇ. ಬಾಗಿಲಿನ ಮೇಲೆ ಮಳೆ ಬೀಳದಂತೆ ಪುಟ್ಟ ಮಾಡು ಬೇರೆ! ಮರಿ ಹಾರುವ ತನಕ ನಮ್ಮ ಸೀರೆಗಳು ಬೇಲಿಯ ಮೇಲೆ ಒಣಗಿದವು.

ಉದುರಿದ ಎಲೆಯನ್ನೂ ಹಾಗೆಯೇ ಒಂದು ಮೂಲೆಗೆ ಬಿಡಿ, ಹರಟೆಮಲ್ಲಗಳ ದಂಡು ಅದನ್ನು ಕೆದಕಿ ಹುಳ ತಿನ್ನುತ್ತದೆ. ಮನೆಯ ಮೇಲೆ ಬೀಳುವ ಭಯವಿಲ್ಲದಿದ್ದರೆ ಒಣಗಿದ ನುಗ್ಗೆಯ ಟೊಂಗೆಯನ್ನು ಕಡಿಯಬೇಡಿ. ನಮ್ಮಲ್ಲಿ ಕುಟ್ರುಹಕ್ಕಿ ಕೊರೆದ ಪೊಟರೆಗೆ ಮರುವರ್ಷ ಮಡಿವಾಳ ಹಕ್ಕಿ ಬಾಡಿಗೆಗೆ ಬಂತು. ಈಗ ನಸುಕಿನಲ್ಲಿ ಅದರ ಹಾಡು ಕೇಳಿಯೇ ನಾನು ಒಲೆ ಹೊತ್ತಿಸುವುದು.

ಒಂದು ತೊಂದರೆಯೂ ಇದೆ. ಸೂರಕ್ಕಿ ಗಂಡು ಅಂಗಳದಲ್ಲಿ ನಿಲ್ಲಿಸಿದ ಸ್ಕೂಟರಿನ ಕನ್ನಡಿಯಲ್ಲಿ ತನ್ನನ್ನೇ ಕಂಡು, ಬೇರೊಂದು ಗಂಡೆಂದು ಬೆಳಗಿನಿಂದ ಕುಕ್ಕುತ್ತಿರುತ್ತದೆ. ಮೊಮ್ಮಗನ ಹಳೆಯ ಕಾಲುಚೀಲಗಳನ್ನು ಎರಡೂ ಕನ್ನಡಿಗಳಿಗೆ ತೊಡಿಸಿದ್ದೇನೆ. ಕಾಲೇಜಿಗೆ ಹೊರಡುವಾಗ ಅವನು ತೆಗೆಯಲು ಮರೆಯುತ್ತಾನೆ, ಅದು ಬೇರೆ ಮಾತು.