ಹೊತ್ತೊಯ್ಯುವ ಮಳಿಗೆ, ಅಲುಗದ ಹಲಗೆ

ಮೊದಲ ಕರಕುಶಲ ಮೇಳದ ದಿನ ಹಿರಿಯ ಮಹಿಳೆಯೊಬ್ಬರು ನನ್ನ ಮಳಿಗೆಯ ಮುಂದೆ ನಿಂತರು. ಎದೆಮಟ್ಟದ ಹಲಗೆಯಲ್ಲಿದ್ದ ಹಸಿರು ಬಟ್ಟಲೊಂದನ್ನು ಎತ್ತಲು ಕೈ ಚಾಚಿದರು. ಅವರ ಮಣಿಕಟ್ಟು ಚೌಕಟ್ಟಿಗೆ ತಾಗಿದ್ದಷ್ಟೇ, ಸಾಲಿನಲ್ಲಿದ್ದ ಬಟ್ಟಲುಗಳೆಲ್ಲ ಒಂದಕ್ಕೊಂದು ತಗುಲಿ ಕಿಣಿಕಿಣಿ ಎಂದವು. ಒಂದೂ ಬೀಳಲಿಲ್ಲ. ಆದರೆ ಅವರು ಥಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡರು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ಚೆನ್ನಾಗಿವೆ" ಎಂದು ಮುಂದೆ ಹೋದರು. ಅಂದು ಸಂಜೆಯವರೆಗೂ ನಾನು ಜನರ ಕೈಗಳನ್ನೇ ಗಮನಿಸಿದೆ. ಹಲಗೆಯ ಮೇಲಿನ ಬಟ್ಟಲುಗಳನ್ನು ಮುಟ್ಟಿದವರು ಕಡಿಮೆ. ಪಕ್ಕದ ಗಟ್ಟಿ ಮೇಜಿನ ಮೇಲೆ ಸುಮ್ಮನೆ ಇಟ್ಟಿದ್ದವುಗಳನ್ನು ಮಾತ್ರ ಎತ್ತಿ, ತಿರುಗಿಸಿ, ತಳದಲ್ಲಿರುವ ಗುರುತನ್ನು ನೋಡುತ್ತಿದ್ದರು.

ತಿಗರಿಯ ಮೇಲೆ ತಿರುಗಿದ ಬಟ್ಟಲು ಕಣ್ಣಿಗಿಂತ ಹೆಚ್ಚಾಗಿ ಕೈಗೆ ಮಾಡಿದ ವಸ್ತು. ಅದರ ತೂಕ, ಅಂಚಿನ ನಯ, ಹಿಡಿಕೆಯಲ್ಲಿ ಬೆರಳು ಕೂರುವ ರೀತಿ ಎತ್ತಿದಾಗಲೇ ತಿಳಿಯುವುದು. ಹಾಗಾಗಿ ಮೇಳಕ್ಕೆ ಒಯ್ಯುವ ಮಳಿಗೆಯಿಂದ ನಾನು ಮೊದಲು ಬಯಸುವುದು ಅಂದವನ್ನಲ್ಲ, ಅಪರಿಚಿತರೊಬ್ಬರು ಹೆದರದೆ ಕೈ ಚಾಚುವಷ್ಟು ಭದ್ರತೆಯನ್ನು. ಕಷ್ಟವಿರುವುದು ಇಲ್ಲೇ. ಮಡಚಿ ಹೊರಬೇಕೆಂದರೆ ಸಾಮಾನು ಹಗುರವಾಗಿರಬೇಕು, ಹಗುರವಾದದ್ದು ಅಲುಗುತ್ತದೆ. ಇವೆರಡನ್ನೂ ಹೊಂದಿಸಲು ನಾಲ್ಕು ಮೇಳಗಳು ಬೇಕಾದವು.

ಈಗ ನಾನು ಬಳಸುವುದು ಏಣಿಯಂಥ ಎರಡು ಚೌಕಟ್ಟುಗಳನ್ನು ತುದಿಯಲ್ಲಿ ಬಿಜಾಗರಿಯಿಂದ ಜೋಡಿಸಿದ ನಿಲುವನ್ನು. ಕಾಲುಗಳನ್ನು ಹಿಗ್ಗಿಸಿದರೆ ಪಕ್ಕದಿಂದ ತ್ರಿಕೋನದಂತೆ ಕಾಣುತ್ತದೆ; ಮುಂದಿನ ಮತ್ತು ಹಿಂದಿನ ಮೆಟ್ಟಿಲುಗಳ ಮೇಲೆ ಪ್ಲೈವುಡ್ ಹಲಗೆಗಳು ಕೂರುತ್ತವೆ. ಎತ್ತರ 150 ಸೆಂಟಿಮೀಟರ್. ಕೆಳಗಿನ ಹಲಗೆ ಅಗಲ, ಮೇಲಿನದು ಬಟ್ಟಲೊಂದು ಕೂರುವಷ್ಟೇ. ಈ ಆಕಾರದಲ್ಲಿ ಭಾರವೆಲ್ಲ ತಾನಾಗಿ ಕೆಳಗೆ ಸೇರುತ್ತದೆ. ದೊಡ್ಡ ಹೂಜಿಗಳು ಬುಡದಲ್ಲಿ, ಚಿಕ್ಕ ಬಟ್ಟಲುಗಳು ಮೇಲೆ.

ಪ್ರತಿ ಹಲಗೆಯ ಅಡಿಯಲ್ಲೂ ರೀಪಿನ ಚೂರುಗಳನ್ನು ಜೋಡಿಯಾಗಿ ಬಡಿದಿದ್ದೇನೆ. ಮೆಟ್ಟಿಲು ಆ ಜೋಡಿಯ ನಡುವೆ ಸಿಕ್ಕಿಕೊಳ್ಳುತ್ತದೆ. ಹೀಗೆ ಹಲಗೆಯೇ ಬೀಗವಾಗುತ್ತದೆ: ಕಾಲುಗಳು ಹೊರಗೆ ಜಾರುವುದಿಲ್ಲ, ಒಳಗೆ ಮುಚ್ಚಿಕೊಳ್ಳುವುದೂ ಇಲ್ಲ. ಹಲಗೆಯ ಮುಂದಿನ ಅಂಚಿಗೆ ಒಂದು ಸೆಂಟಿಮೀಟರ್ ಎತ್ತರದ ಪಟ್ಟಿಯೂ ಇದೆ. ಅದು ದೂರದಿಂದ ಕಾಣುವುದಿಲ್ಲ, ಆದರೆ ಬಟ್ಟಲು ಜಾರಿದರೆ ಅಲ್ಲಿಗೇ ನಿಲ್ಲುತ್ತದೆ.

ಮೊದಲ ನಿಲುವನ್ನು 180 ಸೆಂಟಿಮೀಟರ್ ಉದ್ದಕ್ಕೆ ಮಾಡಿದ್ದೆ. ಒಂದೇ ನಿಲುವಾದರೆ ಕೆಲಸ ಕಡಿಮೆ ಎಂಬ ಲೆಕ್ಕ. ಬಟ್ಟಲುಗಳನ್ನು ಜೋಡಿಸಿದಾಗ ಮೆಟ್ಟಿಲುಗಳು ನಡುವೆ ಬಿಲ್ಲಿನಂತೆ ಬಾಗಿದವು. ಎರಡು ತುದಿಗಳಲ್ಲಿ ಆಧಾರವಿರುವ ಮರದ ಮೇಲೆ ಅಷ್ಟೇ ಭಾರವಿಟ್ಟು ಉದ್ದವನ್ನು ಮಾತ್ರ ಇಮ್ಮಡಿ ಮಾಡಿದರೆ ಬಾಗು 8 ಪಟ್ಟು ಆಗುತ್ತದೆ ಎಂಬುದನ್ನು ಆಮೇಲೆ ಕಲಿತೆ. ದಪ್ಪಕ್ಕೂ ಇದೇ ಲೆಕ್ಕ ತಿರುಗಿಸಿ ಅನ್ವಯಿಸುತ್ತದೆ: ದಪ್ಪ ಇಮ್ಮಡಿಯಾದರೆ ಬಾಗು 8ರಲ್ಲಿ 1 ಪಾಲಿಗೆ ಇಳಿಯುತ್ತದೆ. ದಪ್ಪ ಹೆಚ್ಚಿಸಿದರೆ ಹೊರಲಾಗದು. ಆದ್ದರಿಂದ ಉದ್ದವನ್ನೇ ಕಡಿದು, 90 ಸೆಂಟಿಮೀಟರಿನ ಎರಡು ನಿಲುವುಗಳನ್ನು ಮಾಡಿದೆ. ಒಂದೊಂದನ್ನೂ ಒಬ್ಬಳೇ ಕಂಕುಳಲ್ಲಿಟ್ಟು ನಡೆಯಬಲ್ಲೆ. ಎರಡನ್ನೂ ಒಂದೇ ಸಾಲಿನಲ್ಲಿ ಇಡಬೇಕೆಂದೂ ಇಲ್ಲ. ಜಾಗ ನೋಡಿ ಮೂಲೆಯಾಕಾರಕ್ಕೆ ತಿರುಗಿಸಿದರೆ ಜನ ಎರಡು ಹೆಜ್ಜೆ ಒಳಗೆ ಬಂದು ನಿಲ್ಲುತ್ತಾರೆ.

ಇಷ್ಟಾದರೂ ಕಿಣಿಕಿಣಿ ಸದ್ದು ಪೂರ್ತಿ ಹೋಗಲಿಲ್ಲ. ಹಿಂದೆ ಮುಂದೆ ತಳ್ಳಿದರೆ ನಿಲುವು ಬಂಡೆಯಂತಿತ್ತು. ಎಡಕ್ಕೆ ಬಲಕ್ಕೆ ತಳ್ಳಿದರೆ ತೂಗುತ್ತಿತ್ತು. ಮೊಳೆ, ತಿರುಪುಗಳನ್ನೆಲ್ಲ ಬಿಗಿ ಮಾಡಿದೆ, ಅಂಟು ಹಾಕಿದೆ. ಪ್ರಯೋಜನವಾಗಲಿಲ್ಲ. ಕೊನೆಗೆ ಅಂಗಳದಲ್ಲಿ ಕುಳಿತು ಎದುರಿನಿಂದ ದಿಟ್ಟಿಸಿದಾಗ ಕಾರಣ ಹೊಳೆಯಿತು. ಪಕ್ಕದಿಂದ ನೋಡಿದರೆ ತ್ರಿಕೋನವಿದೆ, ಎದುರಿನಿಂದ ನೋಡಿದರೆ ಬರೀ ಆಯತ. ಆಯತದ ನಾಲ್ಕು ಮೂಲೆಗಳನ್ನು ಎಷ್ಟೇ ಬಿಗಿದರೂ ಅದು ವಾಲುತ್ತದೆ. ತ್ರಿಕೋನ ವಾಲಬೇಕಾದರೆ ಅದರ ಒಂದು ಬದಿಯ ಉದ್ದವೇ ಬದಲಾಗಬೇಕು. ಹಿಂದಿನ ಚೌಕಟ್ಟಿಗೆ ಮೂಲೆಯಿಂದ ಮೂಲೆಗೆ ಓರೆಯಾಗಿ ಒಂದೇ ಒಂದು ರೀಪನ್ನು ಸೇರಿಸಿದೆ. ಎರಡೂ ತುದಿಗಳಲ್ಲಿ ಬೋಲ್ಟು, ಅದಕ್ಕೆ ಕೈಯಲ್ಲೇ ತಿರುಗಿಸುವ ರೆಕ್ಕೆಯ ನಟ್ಟು. ಅದನ್ನು ಬಿಗಿದ ಮೇಲೆ ಚೌಕಟ್ಟನ್ನು ಅಂಗೈಯಿಂದ ತಟ್ಟಿದೆ. ಬಟ್ಟಲುಗಳು ಮಾತನಾಡಲಿಲ್ಲ. ಆ ಮೌನ ಕೇಳಿ ನನಗಾದ ಸಂತೋಷ ಬಟ್ಟಲು ಸುಡುವ ಆವಿಗೆಯನ್ನು ತೆರೆದಾಗ ಆಗುವ ಸಂತೋಷಕ್ಕೆ ಕಡಿಮೆಯದ್ದಲ್ಲ.

ಇನ್ನು ಭಾರ. ಹೊರಲು ಬೇಡ, ನಿಲ್ಲಿಸಲು ಬೇಕು. ಇದಕ್ಕೆ ನೀರಿಗಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ. ಹತ್ತು ಲೀಟರಿನ ಖಾಲಿ ಕ್ಯಾನುಗಳನ್ನು ಒಯ್ಯುತ್ತೇನೆ, ಅಲ್ಲೇ ತುಂಬಿಸಿ ಪ್ರತಿ ನಿಲುವಿನ ಬುಡದ ಹಲಗೆಯ ಹಿಂಬದಿಗೆ ಎರಡರಂತೆ ಇಡುತ್ತೇನೆ. ಇಪ್ಪತ್ತು ಕಿಲೊ ಸಿಕ್ಕಿತು, ಮರಳುವಾಗ ಚೆಲ್ಲಿದರೆ ಮುಗಿಯಿತು. ಬಯಲಿನಲ್ಲಿ ಮಡಚುವ ಚಪ್ಪರ ಹಾಕುವಾಗ ಕಾಲಿಗೆ ಇಪ್ಪತ್ತು ಕಿಲೊಗಿಂತ ಕಡಿಮೆ ಕಟ್ಟುವುದಿಲ್ಲ. ಚಪ್ಪರ ಗಾಳಿಗೆ ಹಾಯಿಯಂತೆ ಉಬ್ಬುತ್ತದೆ. ನೆಲ ಕಾಂಕ್ರೀಟಾಗಿದ್ದರೆ ಗೂಟ ಹೊಡೆಯುವಂತಿಲ್ಲ. ಅಲ್ಲಿಗೆ ನನ್ನ ಬಳಿ 4 ಇಂಚು ವ್ಯಾಸದ, ಮೂರು ಅಡಿ ಉದ್ದದ ಪಿವಿಸಿ ಕೊಳವೆಗಳಿವೆ. ಮರಳು ತುಂಬಿದರೆ ಒಂದೊಂದೂ ಹನ್ನೊಂದು ಕಿಲೊ ಸುಮಾರು ತೂಗುತ್ತದೆ. ಕಾಲಿಗೆ ಎರಡರಂತೆ ಬೇಕಾಗುತ್ತವೆ. ಅವುಗಳನ್ನು ಕಾಲಿಗೆ ಒತ್ತಿ, ಮೇಲೂ ಕೆಳಗೂ ಕಟ್ಟಬೇಕು. ಮೇಲೆ ಮಾತ್ರ ಕಟ್ಟಿ ನೇತುಬಿಟ್ಟರೆ ಗಾಳಿಗೆ ತೂಗಾಡಿ ಹಾದುಹೋಗುವವರ ಮೊಣಕಾಲಿಗೆ ಬಡಿಯುತ್ತವೆ.

ನೆಲ ಎಲ್ಲಿಯೂ ಸಮವಾಗಿರುವುದಿಲ್ಲ. ಮರದ ಬೆಣೆಗಳ ಚೀಲ ಮತ್ತು ಗೇಣುದ್ದದ ರಸಮಟ್ಟ ಇಲ್ಲದೆ ನಾನು ಹೊರಡುವುದಿಲ್ಲ. ಅತಿ ಎತ್ತರದಲ್ಲಿರುವ ಕಾಲನ್ನು ಹಾಗೆಯೇ ಬಿಟ್ಟು ಉಳಿದವನ್ನು ಅದರ ಮಟ್ಟಕ್ಕೆ ಏರಿಸುತ್ತೇನೆ. ಹಲಗೆಯ ಮೇಲೆ ರಸಮಟ್ಟದ ಗುಳ್ಳೆ ನಡುವೆ ಬರುವವರೆಗೂ ಒಂದು ಬಟ್ಟಲನ್ನೂ ಪೆಟ್ಟಿಗೆಯಿಂದ ತೆಗೆಯುವುದಿಲ್ಲ. ಅವಸರದಲ್ಲಿ ಈ ಹೆಜ್ಜೆಯನ್ನು ಬಿಟ್ಟವರು ಮಧ್ಯಾಹ್ನದ ಹೊತ್ತಿಗೆ ಎಲ್ಲವನ್ನೂ ಕೆಳಗಿಳಿಸಿ ಮತ್ತೆ ಜೋಡಿಸುವುದನ್ನು ನೋಡಿದ್ದೇನೆ.

ಬೆಳಕಿನ ವಿಷಯದಲ್ಲಿ ನನ್ನ ಮಾತು ಚಿಕ್ಕದು. ಚಪ್ಪರದ ಬಟ್ಟೆ ಬಿಳಿಯದೇ ಇರಲಿ. ನೀಲಿ ಬಟ್ಟೆಯ ಕೆಳಗೆ ನನ್ನ ಜೇನುಬಣ್ಣದ ಬಟ್ಟಲುಗಳು ಮಣ್ಣುಪಾಲಾದಂತೆ ಕಂಡವು. ಸಂಜೆಗೆ 5 ವ್ಯಾಟಿನ ಮೂರು ಎಲ್‌ಇಡಿ ದೀಪಗಳನ್ನು ಪಕ್ಕದಿಂದ ಓರೆಯಾಗಿ ಬೀಳುವಂತೆ ಹಾಕುತ್ತೇನೆ. ನೇರ ಬೆಳಕಿಗಿಂತ ಓರೆ ಬೆಳಕಿನಲ್ಲಿ ಬೆರಳಚ್ಚಿನ ಸಾಲುಗಳು ಎದ್ದು ಕಾಣುತ್ತವೆ. 12 ವೋಲ್ಟಿನ, 7 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಇರುವುದು 84 ವ್ಯಾಟ್-ಗಂಟೆ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಬರಿದು ಮಾಡಿದರೆ ಅದರ ಆಯುಷ್ಯ ಕುಗ್ಗುತ್ತದೆ. ಹಾಗಾಗಿ ಎರಡೂವರೆ ಗಂಟೆ ಉರಿಸಿದ ಮೇಲೆ ದೀಪ ಆರಿಸುತ್ತೇನೆ.

ಬಟ್ಟಲುಗಳ ನಡುವೆ ನಾಲ್ಕು ಬೆರಳಿನ ಅಗಲ ಬಿಡುತ್ತೇನೆ. ಒಂದನ್ನು ಎತ್ತುವ ಕೈ ಇನ್ನೊಂದಕ್ಕೆ ತಾಗಬಾರದು. ಹಿಡಿಕೆಗಳೆಲ್ಲ ನೋಡುವವರ ಬಲಕ್ಕೆ, ತುಸು ಮುಂದಕ್ಕೆ ತಿರುಗಿರುತ್ತವೆ. ಮೊಣಕೈ ಮತ್ತು ಎದೆಯ ನಡುವಿನ ಎತ್ತರದಲ್ಲಿರುವ ಹಲಗೆಯೇ ಹೆಚ್ಚು ಖಾಲಿಯಾಗುತ್ತದೆ ಎಂಬುದು ನನ್ನ ಅನುಭವ. ಹೊಸ ಪ್ರಯೋಗಗಳನ್ನೂ ಇನ್ನೂ ಬೆಲೆ ಕುದುರದ ವಸ್ತುಗಳನ್ನೂ ಅಲ್ಲೇ ಇಡುತ್ತೇನೆ. ಕಡಿಮೆ ಇಟ್ಟರೆ ಮಾಲು ಇಲ್ಲವೆಂದುಕೊಂಡಾರು ಎಂದು ಮೊದಲು ಅಂಜುತ್ತಿದ್ದೆ. ಉಳಿದವು ಕೆಳಗೆ, ನೆಲಮುಟ್ಟುವ ಬಟ್ಟೆಯ ಹಿಂದೆ, ಪೆಟ್ಟಿಗೆಗಳಲ್ಲೇ ಇರುತ್ತವೆ. ಒಂದು ಮಾರಿದ ಕೂಡಲೇ ಅದರ ಜಾಗಕ್ಕೆ ಇನ್ನೊಂದು ಬರುತ್ತದೆ.

ಮೊದಲ ಸಲ ಎಲ್ಲವನ್ನೂ ನಿಲ್ಲಿಸಲು ಎರಡು ಗಂಟೆಗೂ ಹೆಚ್ಚು ಹೊತ್ತು ಬೇಕಾಯಿತು. ಈಗ ನಲವತ್ತು ನಿಮಿಷ. ಅಂಗಳದಲ್ಲಿ ಗಡಿಯಾರ ಇಟ್ಟುಕೊಂಡು ಮೂರು ಬಾರಿ ಅಭ್ಯಾಸ ಮಾಡಿದ್ದೂ, ಪ್ರತಿ ಹಲಗೆಯ ಹಿಂದೆ ಅಂಕಿ ಬರೆದದ್ದೂ ಇದಕ್ಕೆ ಕಾರಣ. ಗಾಡಿಯಲ್ಲಿ ತುಂಬುವಾಗ ಮೊದಲು ಬೇಕಾಗುವುದು ಕೊನೆಗೆ ಒಳಗೆ ಹೋಗುತ್ತದೆ: ಬೆಣೆಯ ಚೀಲ ಮತ್ತು ರಸಮಟ್ಟ ಎಲ್ಲಕ್ಕಿಂತ ಕೊನೆಗೆ. ಬಿಚ್ಚುವಾಗ ಓರೆ ರೀಪಿನ ನಟ್ಟುಗಳನ್ನು ಕಿಸೆಗೆ ಹಾಕಿಕೊಳ್ಳದೆ ಅದೇ ಬೋಲ್ಟಿಗೆ ತಿರುಗಿಸಿ ಬಿಡುತ್ತೇನೆ. ಒಮ್ಮೆ ಒಂದು ನಟ್ಟು ಕಳೆದುಹೋಗಿ ಇಡೀ ದಿನ ಹಗ್ಗ ಬಿಗಿದು ಕೆಲಸ ನಡೆಸಬೇಕಾಗಿತ್ತು. ಅಂದಿನಿಂದ ಬಿಡಿ ನಟ್ಟುಗಳ ಪುಟ್ಟ ಡಬ್ಬಿಯೂ ಬೆಣೆಯ ಚೀಲದಲ್ಲಿದೆ.