ನಕ್ಷೆಯಲ್ಲಿ ಕೆಂಪಾಗಿ ಕಂಡ ಮಾತ್ರಕ್ಕೆ: ಕ್ಯಾನ್ಸರ್ ಸಾವಿನ ಲೆಕ್ಕ ಹಾಕಿದ ನನ್ನ ಅನುಭವ

ಮೊದಲ ನಕ್ಷೆ ಸಿದ್ಧವಾದ ದಿನ ನನಗೆ ಖುಷಿಯೋ ಖುಷಿ. ಇನ್ನೂರು ಚಿಲ್ಲರೆ ಪ್ರದೇಶಗಳು, ಹತ್ತು ವರ್ಷದ ಕ್ಯಾನ್ಸರ್ ಸಾವುಗಳು, ತಿಳಿ ಹಳದಿಯಿಂದ ಗಾಢ ಕೆಂಪಿನವರೆಗೆ ಐದು ಬಣ್ಣ. ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದೆ. ನಮ್ಮ ವಿಭಾಗದ ಹಿರಿಯರು ಬಂದು, ಕನ್ನಡಕ ಹಣೆಗೇರಿಸಿ, ಹತ್ತಿರದಿಂದ ನೋಡಿದರು.

"ಚೆನ್ನಾಗಿದೆ. ಈ ಮೂಲೆ ಇಷ್ಟು ಕೆಂಪಗಿದೆಯಲ್ಲ, ಇಲ್ಲಿ ಎಷ್ಟು?"

ನಾನು ಲಕ್ಷಕ್ಕೆ ಎಷ್ಟು ಅಂತ ದರ ಹೇಳಿದೆ.

"ದರ ಕೇಳಲಿಲ್ಲಪ್ಪ. ಸತ್ತವರು ಎಷ್ಟು ಜನ?"

ಗೊತ್ತಿರಲಿಲ್ಲ. ದರ ಬಂದ ಮೇಲೆ ತಲೆ ಎಣಿಸುವುದು ಯಾಕೆ ಅನ್ನೋ ಧಾಟಿಯಲ್ಲಿದ್ದೆ ನಾನು. ಆ ಪ್ರಶ್ನೆಯಿಂದ ಶುರುವಾದ ಕೆಲಸ ಮುಗಿಯೋಕೆ ಎಂಟು ತಿಂಗಳು ಹಿಡಿಯಿತು. ಗೋಡೆಯ ಮೇಲಿನ ಕೆಂಪು ಒಂದೊಂದಾಗಿ ಬಣ್ಣ ಕಳೆದುಕೊಂಡಿತು. ಅದು ಹೇಗೆ ಅಂತ ಬರೆಯುತ್ತಿದ್ದೇನೆ. ಇದೇ ಕೆಲಸಕ್ಕೆ ಕೈ ಹಾಕುವವರಿಗೆ ಒಂದಷ್ಟು ಸಮಯವಾದರೂ ಉಳಿದೀತು.

ವಯಸ್ಸಿನ ವಿಷಯ ಎಲ್ಲರಿಗೂ ಗೊತ್ತು, ಆದರೂ ಎಲ್ಲರೂ ಎಡವುವುದು ಅಲ್ಲೇ. ಕ್ಯಾನ್ಸರ್ ಮುಖ್ಯವಾಗಿ ವಯಸ್ಸಾದವರ ಕಾಯಿಲೆ. ವಯಸ್ಸಾದವರು ಜಾಸ್ತಿ ಇರುವ ಕಡೆ ಸಾವೂ ಜಾಸ್ತಿ. ಹೊಸಬರಿಗೆ ಕಲಿಸುವಾಗ ನಾನು ಎರಡು ಕಾಲ್ಪನಿಕ ಪ್ರದೇಶಗಳನ್ನು ಬೋರ್ಡ್ ಮೇಲೆ ಬರೆಯುತ್ತೇನೆ. ಎರಡರಲ್ಲೂ ಲಕ್ಷ ಜನ. ಮೊದಲನೆಯದರಲ್ಲಿ 60 ದಾಟಿದವರು 20,000, ಎರಡನೆಯದರಲ್ಲಿ ಬರೀ 5,000. ಮೊದಲನೆಯದರಲ್ಲಿ 60ರ ಒಳಗಿನವರ ಸಾವಿನ ದರ ಲಕ್ಷಕ್ಕೆ 30, 60 ದಾಟಿದವರದು 500. ಎರಡನೆಯದರಲ್ಲಿ 40 ಮತ್ತು 600. ಅಂದರೆ ಎರಡೂ ವಯೋಗುಂಪಿನಲ್ಲಿ ಎರಡನೆಯ ಪ್ರದೇಶದ ಪರಿಸ್ಥಿತಿಯೇ ಕೆಟ್ಟದು. ಈಗ ಸುಮ್ನೆ ಸಾವು ಎಣಿಸಿ. ಮೊದಲನೆಯದರಲ್ಲಿ 24 ಮತ್ತು 100, ಒಟ್ಟು 124. ಎರಡನೆಯದರಲ್ಲಿ 38 ಮತ್ತು 30, ಒಟ್ಟು 68. ನಕ್ಷೆಗೆ ಬಣ್ಣ ಹಾಕಿದರೆ ಮೊದಲನೆಯದು ಕೆಂಪು, ಎರಡನೆಯದು ಹಳದಿ. ಪೂರ್ತಿ ಉಲ್ಟಾ!

ಇದಕ್ಕೆ ಪರಿಹಾರ ಹಳೆಯದೇ. ಎರಡೂ ಕಡೆ ವಯಸ್ಸಿನ ಹಂಚಿಕೆ ಒಂದೇ ಇದ್ದಿದ್ದರೆ ದರ ಎಷ್ಟಿರುತ್ತಿತ್ತು ಅಂತ ಲೆಕ್ಕ ಹಾಕೋದು. ಆ ಹಂಚಿಕೆಗೆ ಮಾದರಿ ಜನಸಂಖ್ಯೆ ಅಂತಾರೆ. ಕ್ಯಾನ್ಸರ್ ಕ್ಷೇತ್ರದಲ್ಲಿ ಹೆಚ್ಚು ಬಳಕೆಯಲ್ಲಿರೋದು ಜಪಾನಿನ ಮಿತ್ಸುವೋ ಸೇಗಿ 1960ರಲ್ಲಿ ಕೊಟ್ಟ, ಆಮೇಲೆ ರಿಚರ್ಡ್ ಡಾಲ್ ಮತ್ತು ಜೊತೆಗಾರರು 1966ರಲ್ಲಿ ಸ್ವಲ್ಪ ತಿದ್ದಿದ ಮಾದರಿ. ಅದರಲ್ಲಿ 60 ದಾಟಿದವರ ಪಾಲು 100ಕ್ಕೆ 11. ಅದನ್ನು ಹಾಕಿದರೆ ಮೊದಲ ಪ್ರದೇಶ ಲಕ್ಷಕ್ಕೆ 82ರ ಹತ್ತಿರ ನಿಲ್ಲುತ್ತದೆ, ಎರಡನೆಯದು 102ರ ಹತ್ತಿರ. ಈಗ ಸರಿಯಾಯಿತು.

ಇಷ್ಟೆಲ್ಲ ಪಾಠ ಹೇಳುವ ನಾನೇ ಒಮ್ಮೆ ನಗೆಪಾಟಲಾದೆ. ನಮ್ಮ ದರವನ್ನು ಅಮೆರಿಕದ ದರದ ಪಕ್ಕ ಇಟ್ಟು, "ನೋಡಿ, ಅವರಲ್ಲಿ ಎಷ್ಟೋ ಜಾಸ್ತಿ" ಅಂತ ಸಭೆಯಲ್ಲಿ ತೋರಿಸಿದೆ. ಅವರ ಅಂಕಿ ಹೊಂದಿಸಿದ್ದು ಅವರದೇ 2000ನೇ ಇಸವಿಯ ಜನಸಂಖ್ಯೆಗೆ. ನಮ್ಮದು ಸೇಗಿ ಮಾದರಿಗೆ. ಅಮೆರಿಕದ ಆ ಮಾದರಿಯಲ್ಲಿ 60 ದಾಟಿದವರು 100ಕ್ಕೆ ಸುಮಾರು 16.5. ಮೇಲಿನ ಬೋರ್ಡ್ ಲೆಕ್ಕದ ಮೊದಲ ಪ್ರದೇಶವನ್ನೇ ಇದಕ್ಕೆ ಹೊಂದಿಸಿದರೆ 82 ಇದ್ದದ್ದು 108ರ ಹತ್ತಿರ ಹೋಗುತ್ತದೆ. ಒಬ್ಬರೂ ಹೆಚ್ಚಿಗೆ ಸಾಯದೆ! ಹಿಂದಿನ ಸಾಲಿನಲ್ಲಿ ಕೂತಿದ್ದ ಮೇಡಂ ಒಬ್ಬರು ಮೆತ್ತಗೆ, "ಎರಡೂ ಒಂದೇ ಮಾದರೀನಾ?" ಅಂತ ಕೇಳಿದರು. ಅಂದಿನಿಂದ ನನ್ನ ಪ್ರತಿ ಕೋಷ್ಟಕದ ತಲೆಬರಹದಲ್ಲೇ ಮಾದರಿಯ ಹೆಸರು ಇರುತ್ತದೆ. ಅಡಿಟಿಪ್ಪಣಿಯಲ್ಲಿ ಹಾಕಿದರೆ ಯಾರೂ ಓದೋದಿಲ್ಲ, ನಾನೂ ಓದಿರಲಿಲ್ಲ.

ಈಗ ಹಿರಿಯರ ಪ್ರಶ್ನೆಗೆ ಬರೋಣ. ಆ ಮೂಲೆಯ ಪ್ರದೇಶದಲ್ಲಿ ಜನಸಂಖ್ಯೆ 8,000ದ ಆಸುಪಾಸು. ನಾನು ಒಂದೊಂದು ಬಗೆಯ ಕ್ಯಾನ್ಸರಿಗೂ ಬೇರೆ ನಕ್ಷೆ ಮಾಡಿದ್ದೆ. ವರ್ಷಕ್ಕೆ ಲಕ್ಷ ಜನರಲ್ಲಿ 3 ಸಾವು ಆಗುವ ಒಂದು ಕ್ಯಾನ್ಸರ್ ಅಂದುಕೊಳ್ಳಿ. 8,000 ಜನರಲ್ಲಿ ನಾಲ್ಕು ವರ್ಷಕ್ಕೆ ಒಂದು ಸಾವು ಆಗಬೇಕು. ಆ ಒಂದು ಸಾವು ಆದ ವರ್ಷ ದರ 12.5 ಆಗಿಬಿಡುತ್ತದೆ, ಸರಾಸರಿಯ ನಾಲ್ಕು ಪಟ್ಟು. ಮಿಕ್ಕ ಮೂರು ವರ್ಷ ಸೊನ್ನೆ. ಒಬ್ಬರ ಸಾವಿನಿಂದ ಇಡೀ ಪ್ರದೇಶ ಗಾಢ ಕೆಂಪು. ನನ್ನ ನಕ್ಷೆಗಳಲ್ಲಿ ಅತಿ ಹೆಚ್ಚು ದರದ ಹತ್ತು ಪ್ರದೇಶಗಳ ಪಟ್ಟಿ ತೆಗೆದೆ. ಬಹುತೇಕ ಎಲ್ಲ ಪುಟ್ಟ ಪ್ರದೇಶಗಳೇ. ಅತಿ ಕಡಿಮೆ ದರದ ಹತ್ತು ತೆಗೆದೆ. ಅಲ್ಲೂ ಪುಟ್ಟ ಪ್ರದೇಶಗಳೇ. ಅಷ್ಟು ದಿನ ನಾನು ನೋಡುತ್ತಿದ್ದದ್ದು ಕ್ಯಾನ್ಸರ್ ನಕ್ಷೆಯಲ್ಲ, ಜನಸಂಖ್ಯೆಯ ನಕ್ಷೆ.

ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ತನ್ನ ಸಾರ್ವಜನಿಕ ದತ್ತಾಂಶದಲ್ಲಿ 10ಕ್ಕಿಂತ ಕಡಿಮೆ ಸಾವಿದ್ದರೆ ಸಂಖ್ಯೆಯನ್ನೇ ತೋರಿಸುವುದಿಲ್ಲ, 20ಕ್ಕಿಂತ ಕಡಿಮೆ ಇದ್ದರೆ ದರ ನಂಬಲರ್ಹವಲ್ಲ ಅಂತ ಗುರುತು ಹಾಕುತ್ತದೆ. ಮೊದಲನೆಯದು ಸತ್ತವರ ಗುರುತು ಸಿಗದಿರಲಿ ಅಂತ, ಎರಡನೆಯದು ನನ್ನಂಥವರು ಮೋಸ ಹೋಗದಿರಲಿ ಅಂತ. ನಾನೂ 20ರ ಗೆರೆ ಇಟ್ಟುಕೊಂಡೆ. ಒಂದೊಂದು ವರ್ಷದ ಬದಲು ಐದೈದು ವರ್ಷದ ಸಾವುಗಳನ್ನು ಒಟ್ಟುಗೂಡಿಸಿದೆ. ಅಷ್ಟೂ ಸಾಕಾಗದ ಕಡೆ ಅಕ್ಕಪಕ್ಕದ ಪ್ರದೇಶಗಳ ದರದಿಂದ ಸ್ವಲ್ಪ ಎರವಲು ಪಡೆದು ನಯಗೊಳಿಸುವ ವಿಧಾನ ಬಳಸಿದೆ. ಈ ನಯಗೊಳಿಸುವಿಕೆ ಬಗ್ಗೆ ನನಗೆ ಇವತ್ತಿಗೂ ಅರ್ಧ ನಂಬಿಕೆ. ಒಂದು ಊರಿನ ನಿಜವಾದ ತೊಂದರೆಯನ್ನೂ ಅದು ನೆರೆಯವರ ಸರಾಸರಿಯಲ್ಲಿ ಕರಗಿಸಿಬಿಡಬಹುದು. ಅದಕ್ಕೇ ನಯ ಮಾಡಿದ್ದು, ಮಾಡದ್ದು, ಎರಡು ನಕ್ಷೆ ಪಕ್ಕಪಕ್ಕ ಇಡುತ್ತೇನೆ.

ಪುಟ್ಟ ಪ್ರದೇಶಗಳು ಹೋದವು. ಆದರೆ ದೊಡ್ಡದೊಂದು ಕೆಂಪಾಗಿಯೇ ಉಳಿದಿತ್ತು. ಸಾವುಗಳೂ ಸಾಕಷ್ಟು, ವಯಸ್ಸಿಗೂ ಹೊಂದಿಸಿತ್ತು. ಎರಡು ವಾರ ಅದರ ಹಿಂದೆ ಬಿದ್ದೆ. ಕಾರ್ಖಾನೆ ಇದೆಯಾ, ನೀರು ಹೇಗೆ, ಏನೇನೋ ಓದಿದೆ. ಕೊನೆಗೆ ಕಚ್ಚಾ ಫೈಲ್ ತೆರೆದು ಒಂದೊಂದೇ ಸಾಲು ನೋಡಿದಾಗ ಗೊತ್ತಾಯಿತು. ಅಲ್ಲಿ ದೊಡ್ಡ ಕ್ಯಾನ್ಸರ್ ಆಸ್ಪತ್ರೆ ಇತ್ತು. ಹೊರಗಿನಿಂದ ಬಂದು ಅಲ್ಲಿ ತೀರಿಕೊಂಡವರ ವಾಸದ ವಿಳಾಸದ ಕಾಲಂ ಖಾಲಿ ಇದ್ದರೆ, ಫೈಲ್ ತಯಾರಿಸಿದವರು ಸಾವಿನ ಸ್ಥಳವನ್ನೇ ತುಂಬಿದ್ದರು. ಸತ್ತದ್ದು ಎಲ್ಲಿ ಅನ್ನೋದಲ್ಲ, ಬದುಕಿದ್ದು ಎಲ್ಲಿ ಅನ್ನೋದು ನಮಗೆ ಬೇಕು. ಅದನ್ನು ಸರಿಪಡಿಸಿದ್ದೇ ತಡ, ಆ ಪ್ರದೇಶ ನಡುವಿನ ಬಣ್ಣಕ್ಕೆ ಇಳಿಯಿತು. ಸುತ್ತಲಿನ ಐದಾರು ಹಳದಿ ಪ್ರದೇಶಗಳು ಒಂದೊಂದು ಮೆಟ್ಟಿಲು ಮೇಲೇರಿದವು.

ಡೆತ್ ಸರ್ಟಿಫಿಕೇಟಿನ ಕೋಡ್‌ಗಳದ್ದು ಇನ್ನೊಂದು ಕಥೆ. ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ ಹತ್ತನೇ ಆವೃತ್ತಿಯಲ್ಲಿ ಗರ್ಭಕಂಠದ ಕ್ಯಾನ್ಸರ್ ಅಂದರೆ ಸಿ53. ಗರ್ಭಕೋಶದ ಒಡಲಿನದು ಸಿ54. ಗರ್ಭಕೋಶ ಅಂತ ಬರೆದು ಯಾವ ಭಾಗ ಅಂತ ಹೇಳದಿದ್ದರೆ ಸಿ55. ಎಲ್ಲಿ ಶುರುವಾಯಿತೋ ಗೊತ್ತಿಲ್ಲದ್ದು ಸಿ80. ಒಂದು ಪ್ರದೇಶದಲ್ಲಿ ಗರ್ಭಕಂಠದ ಕ್ಯಾನ್ಸರ್ ಸಾವು ತೀರಾ ಕಡಿಮೆ ಇತ್ತು. ತಪಾಸಣೆ ಚೆನ್ನಾಗಿ ನಡೆಯುತ್ತಿರಬೇಕು ಅಂದುಕೊಂಡೆ. ಸಿ55 ನೋಡಿದರೆ ಅಲ್ಲಿ ರಾಶಿ ಬಿದ್ದಿತ್ತು! ವೈದ್ಯರು "ಗರ್ಭಕೋಶದ ಕ್ಯಾನ್ಸರ್" ಅಂತಷ್ಟೇ ಬರೆದು ಕೈ ತೊಳೆದುಕೊಂಡಿದ್ದರು. ಲಿವರ್ ಕೂಡ ಹೀಗೇ ಆಟ ಆಡಿಸುತ್ತದೆ. ಕರುಳಿನಲ್ಲೋ ಸ್ತನದಲ್ಲೋ ಹುಟ್ಟಿ ಲಿವರಿಗೆ ಹರಡಿದ್ದನ್ನು ಲಿವರ್ ಕ್ಯಾನ್ಸರ್ ಅಂತಲೇ ಬರೆದಿರುತ್ತಾರೆ. ಹಾಗಾಗಿ ಈಗ ನಾನು ಯಾವ ದರ ನೋಡುವ ಮುಂಚೆಯೂ, ಆ ಪ್ರದೇಶದ ಕ್ಯಾನ್ಸರ್ ಸಾವುಗಳಲ್ಲಿ ಸಿ80 ಪಾಲು ಎಷ್ಟು ಅಂತ ನೋಡುತ್ತೇನೆ. ಅದು ಜಾಸ್ತಿ ಇದ್ದರೆ ಬೇರೆ ಅಂಕಿಗಳನ್ನು ಚಿಟಿಕೆಯಷ್ಟೂ ನಂಬೋದಿಲ್ಲ.

ಹೀಗೆ ಜರಡಿ ಹಿಡಿದರೆ ಕೊನೆಗೆ ಏನೂ ಉಳಿಯೋದಿಲ್ಲವೇನೋ ಅಂತ ಒಂದು ಹಂತದಲ್ಲಿ ಬೇಸರವೂ ಬಂತು. ಆಗ ಹಿರಿಯರು 1975ರಲ್ಲಿ ಬಂದ ಅಮೆರಿಕದ ಕೌಂಟಿವಾರು (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು) ಕ್ಯಾನ್ಸರ್ ಸಾವಿನ ಅಟ್ಲಾಸ್ ವಿಷಯ ತೆಗೆದರು. 1950ರಿಂದ 1969ರವರೆಗಿನ ಸಾವುಗಳ ನಕ್ಷೆ ಅದು. ಆಗ್ನೇಯ ರಾಜ್ಯಗಳ ಹೆಂಗಸರಲ್ಲಿ ಬಾಯಿ ಕ್ಯಾನ್ಸರ್ ಸಾವು ವಿಪರೀತ ಅಂತ ಅದರಲ್ಲಿ ಕಂಡಿತು. ಹೋಗಿ ವಿಚಾರಿಸಿದರೆ ಕಾರಣ ವಸಡಿನ ಪಕ್ಕ ಇಟ್ಟುಕೊಳ್ಳುವ ನಶ್ಯ. ಕೆಲವು ಕರಾವಳಿ ಕೌಂಟಿಗಳ ಗಂಡಸರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಜಾಸ್ತಿ ಇತ್ತು. ಅದರ ಜಾಡು ಎರಡನೇ ಮಹಾಯುದ್ಧದ ಕಾಲದ ಹಡಗುಕಟ್ಟೆಗಳಿಗೆ (ಹಡಗು ಕಟ್ಟುವ ಶಿಪ್‌ಯಾರ್ಡ್‌ಗಳಿಗೆ), ಅಲ್ಲಿ ಬಳಸುತ್ತಿದ್ದ ಆಸ್ಬೆಸ್ಟಾಸ್‌ಗೆ ಹೋಯಿತು. ಯುದ್ಧ ಮುಗಿದು ದಶಕಗಳಾದ ಮೇಲೆ ಸಾವಿನ ನಕ್ಷೆಯಲ್ಲಿ ಹಡಗುಕಟ್ಟೆಗಳು ಮೂಡಿದ್ದವು.

ಕಾಲದ ಜೊತೆ ದರ ಹೇಗೆ ಬದಲಾಯಿತು ಅಂತ ನೋಡುವಾಗ ಈ ತಡವೇ ಎಲ್ಲಕ್ಕಿಂತ ಮುಖ್ಯ. ನನಗೆ ಇದು ಮನಸ್ಸಿಗೆ ಇಳಿದದ್ದು ಚಿಲಿ ದೇಶದ ಆಂತೊಫಾಗಸ್ತಾ ಓದಿದಾಗ. 1958ರಲ್ಲಿ ಆ ಊರಿಗೆ ಆಂಡಿಸ್ ಬೆಟ್ಟದ ನದಿಗಳ ನೀರು ತಂದರು. ಅದರಲ್ಲಿ ಆರ್ಸೆನಿಕ್ ಅನ್ನೋ ವಿಷ ಬಹಳ ಇತ್ತು. 1970ರ ಹೊತ್ತಿಗೆ ಶುದ್ಧೀಕರಣ ಘಟಕ ಬಂತು, ನೀರು ಸುಧಾರಿಸಿತು. ಆದರೆ ಶ್ವಾಸಕೋಶ ಮತ್ತು ಮೂತ್ರಕೋಶದ ಕ್ಯಾನ್ಸರ್ ಸಾವುಗಳು ಏರುತ್ತಲೇ ಹೋದವು. ಶಿಖರ ಮುಟ್ಟಿದ್ದು ನೀರು ಸರಿಯಾಗಿ ಸುಮಾರು ಇಪ್ಪತ್ತು ವರ್ಷಗಳಾದ ಮೇಲೆ. 1990ರಲ್ಲಿ ಯಾರಾದರೂ ಬರೀ ಸಾವಿನ ಗೆರೆ ನೋಡಿದ್ದರೆ, ಈಗಿನ ನೀರಿನಲ್ಲೇ ಏನೋ ಇದೆ ಅನ್ನುತ್ತಿದ್ದರು, ಅಲ್ವಾ?

ಗೆರೆ ಎಳೆಯುವ ಕೆಲಸದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಕೊನೆಯ ವರ್ಷದ್ದು. ಇಡೀ ಗೆರೆ ಸಮತಟ್ಟಾಗಿ ಬಂದು ಕೊನೆಯ ವರ್ಷ ಚಕ್ಕನೆ ಇಳಿದಿತ್ತು. "ಇಳಿಕೆ ಶುರು" ಅಂತ ವರದಿಯಲ್ಲಿ ಬರೆದೂ ಬಿಟ್ಟೆ. ಆರು ತಿಂಗಳ ನಂತರ ತಡವಾಗಿ ನೋಂದಣಿಯಾದ ಸಾವುಗಳು ಬಂದು ಸೇರಿದವು. ಇಳಿಕೆ ಮಾಯ. ಈಗ ಕೊನೆಯ ವರ್ಷವನ್ನು ಚುಕ್ಕೆಗೆರೆಯಲ್ಲಿ ಹಾಕುತ್ತೇನೆ, ಅದರ ಬಗ್ಗೆ ಒಂದು ಮಾತೂ ಬರೆಯೋದಿಲ್ಲ.

ಹೊಸ ರೋಗಿಗಳ ಸಂಖ್ಯೆ, ಸಾವಿನ ಸಂಖ್ಯೆ, ಇವೆರಡನ್ನೂ ಒಂದೇ ಹಾಳೆಯಲ್ಲಿ ಎಳೆಯುವುದು ನನ್ನ ಇನ್ನೊಂದು ಅಭ್ಯಾಸ. ದಕ್ಷಿಣ ಕೊರಿಯಾದಲ್ಲಿ 1999ರ ನಂತರ ಥೈರಾಯ್ಡ್ ಸ್ಕ್ಯಾನ್ ಮಾಡಿಸುವುದು ಮಾಮೂಲಾಯಿತು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆ 1993ರ 15 ಪಟ್ಟು ಆಗಿತ್ತು. ಸಾವಿನ ಗೆರೆ ಮಾತ್ರ ಅಲ್ಲಾಡಲಿಲ್ಲ. ಅಂದರೆ ಸ್ಕ್ಯಾನ್ ಹುಡುಕಿ ತೆಗೆದದ್ದರಲ್ಲಿ ಬಹುಪಾಲು ಸಾವು ತರುವಂಥದ್ದಲ್ಲ. ಹೊಟ್ಟೆಯ ಕ್ಯಾನ್ಸರಿನದು ಬೇರೆ ಥರ. ಹೆಲಿಕೋಬ್ಯಾಕ್ಟರ್ ಬ್ಯಾಕ್ಟೀರಿಯಾದ ಸೋಂಕು ತಗ್ಗಿದ ಹಾಗೆ, ಆಹಾರ ಉಪ್ಪು ಹಾಕಿಡುವ ಬದಲು ಫ್ರಿಜ್ಜಿಗೆ ಹೋದ ಹಾಗೆ, ಎಷ್ಟೋ ದೇಶಗಳಲ್ಲಿ ಪತ್ತೆಯೂ ಸಾವೂ ಒಟ್ಟಿಗೇ ಇಳಿದವು. ಅದೂ ಯಾವ ದೊಡ್ಡ ಅಭಿಯಾನವೂ ಇಲ್ಲದೆ. ಅಮೆರಿಕದ ಒಟ್ಟು ಕ್ಯಾನ್ಸರ್ ಸಾವಿನ ದರ 1991ರಲ್ಲಿ ಶಿಖರದಲ್ಲಿತ್ತು. ಅಲ್ಲಿಂದ 2021ಕ್ಕೆ ಮೂರನೇ ಒಂದು ಭಾಗದಷ್ಟು ಇಳಿಯಿತು. ಅದರಲ್ಲಿ ಸಿಗರೇಟು ಬಿಟ್ಟದ್ದರ ಪಾಲು ದೊಡ್ಡದು. ಗಂಡಸರ ಶ್ವಾಸಕೋಶದ ಕ್ಯಾನ್ಸರ್ ಸಾವು ಅಲ್ಲಿ ಇಳಿಯತೊಡಗಿದ್ದು 1990ರ ಸುಮಾರಿಗೆ. ಹೆಂಗಸರದು ಇಳಿಯೋಕೆ ಹೆಚ್ಚುಕಡಿಮೆ ಇನ್ನೂ ಹತ್ತು ವರ್ಷ ಹಿಡಿಯಿತು, ಯಾಕೆಂದರೆ ಅವರು ಸಿಗರೇಟು ಹಿಡಿದದ್ದೂ ತಡವಾಗಿ, ಬಿಟ್ಟದ್ದೂ ತಡವಾಗಿ.

ಆ ಕಾರಣಕ್ಕೇ ಈಗ ಗಂಡಸರದು, ಹೆಂಗಸರದು ಒಂದೇ ಗೆರೆಯಾಗಿ ಎಳೆಯುವುದನ್ನು ಬಿಟ್ಟಿದ್ದೇನೆ. ಎರಡನ್ನೂ ಬೇರೆ ಮಾಡಿದ ಮೇಲೆ ನಮ್ಮ ನಕ್ಷೆಯಲ್ಲಿ ಎಲ್ಲ ಜರಡಿಯನ್ನೂ ದಾಟಿ ಎರಡು ಪ್ರದೇಶ ಉಳಿದವು. ಒಂದರಲ್ಲಿ ಲಿವರ್ ಕ್ಯಾನ್ಸರ್. ಕೋಡ್‌ಗಳನ್ನು ಕೈಯಾರೆ ನೋಡಿದೆ, ಹರಡಿ ಬಂದದ್ದನ್ನು ತೆಗೆದ ಮೇಲೂ ಜಾಸ್ತಿಯೇ. ಇನ್ನೊಂದರಲ್ಲಿ 65 ದಾಟಿದ ಹೆಂಗಸರ ಶ್ವಾಸಕೋಶದ ಕ್ಯಾನ್ಸರ್. ಗಂಡಸರ ಗೆರೆ ಇಳಿಯುತ್ತಿದ್ದರೆ ಇವರದು ಏರುತ್ತಲೇ ಇತ್ತು.

ಎರಡರ ಫೈಲನ್ನೂ ಹಿರಿಯರ ಮೇಜಿನ ಮೇಲಿಟ್ಟೆ. ಮೊದಲ ಪುಟದಲ್ಲಿ ದರ ಇರಲಿಲ್ಲ, ಸಾವಿನ ಸಂಖ್ಯೆ ಮಾತ್ರ ಇತ್ತು. ಅವರು ಏನೂ ಹೇಳದೆ ಪುಟ ತಿರುಗಿಸಿದರು. ಲಿವರ್ ಕ್ಯಾನ್ಸರಿಗೆ ಕಾರಣವಾಗಬಲ್ಲ ಸೋಂಕಿನ ಪರೀಕ್ಷೆಯ, ಧೂಮಪಾನ ಸಮೀಕ್ಷೆಯ ಮಾಹಿತಿ ಕೊಡಿ ಅಂತ ಎರಡೂ ಕಡೆಯ ಆರೋಗ್ಯ ತಂಡಗಳಿಗೆ ಪತ್ರ ಬರೆದಿದ್ದೇವೆ. ಒಂದು ಕಡೆಯಿಂದ ಉತ್ತರ ಬಂದಿದೆ, ಇನ್ನೊಂದು ಬರಬೇಕು. ಅಷ್ಟರಲ್ಲಿ ಈ ವರ್ಷದ ಹೊಸ ಫೈಲ್ ಬಂದಿದೆ. ಬೆಳಗ್ಗೆ ತೆರೆದು ನೋಡಿದೆ, ಸಿ80 ಮತ್ತೆ ಜಾಸ್ತಿಯಾಗಿದೆ.