ಏಪ್ರಿಲ್ ವಸೂಲಿಯಲ್ಲಿ ಎನ್‌ಪಿಎಸ್ ಬಾಕಿ ತೀರಿಸಿದ್ದು: ನನ್ನ ಅನುಭವ

ನಮ್ಮ ಪುರಸಭೆಯಲ್ಲಿ ಈಗ ನೌಕರರ ಎನ್‌ಪಿಎಸ್ (ಹೊಸ ಪಿಂಚಣಿ ಯೋಜನೆ) ವಂತಿಗೆ ಒಂದು ತಿಂಗಳದ್ದೂ ಬಾಕಿ ಇಲ್ಲ, ಏಪ್ರಿಲ್‌ನ ಆಸ್ತಿ ತೆರಿಗೆ ವಸೂಲಿಯಿಂದ ತೀರಿಸಿದ್ದೇವೆ. "ಏಪ್ರಿಲ್ ವಸೂಲಿಗೆ ಕೈ ಹಾಕಿದ್ರೆ ಸೆಪ್ಟೆಂಬರಿಗೆ ಪಂಪ್‌ಹೌಸ್ ಕರೆಂಟ್ ಬಿಲ್ ಕಟ್ಟೋಕೆ ದುಡ್ಡಿರಲ್ಲ ಸಾರ್, ನೋಡ್ತಿರಿ" ಅಂದಿದ್ದ ಪಕ್ಕದ ಊರಿನ ಲೆಕ್ಕಿಗರೇ ಈಗ ಫೋನ್ ಮಾಡಿ ಹೇಗೆ ಮಾಡಿದಿರಿ ಅನ್ನುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

2006ರ ಏಪ್ರಿಲ್ 1ರಿಂದೀಚೆಗೆ ಸೇರಿ ಎನ್‌ಪಿಎಸ್‌ಗೆ ಬರುವವರು ನಮ್ಮಲ್ಲಿ ನಲವತ್ತರ ಆಸುಪಾಸು, ಹೆಚ್ಚಿನವರು ಪೌರಕಾರ್ಮಿಕರು. ಸರ್ಕಾರದ ಪಾಲು ಸಂಬಳದ ಶೇ. 10ರಿಂದ 14ಕ್ಕೆ ಏರಿದ ಮೇಲೆ ಅದೊಂದೇ ತಿಂಗಳಿಗೆ ಹತ್ತಿರ ಹತ್ತಿರ 2 ಲಕ್ಷ. ರಾಜ್ಯ ಹಣಕಾಸು ಆಯೋಗದ (ಎಸ್‌ಎಫ್‌ಸಿ) ಅನುದಾನ ತಡವಾದರೆ ಸಂಬಳ ಹೇಗೋ ಆಗುತ್ತದೆ, ವಂತಿಗೆ ನಿಂತುಬಿಡುತ್ತದೆ. ದುಡ್ಡು ಎನ್‌ಪಿಎಸ್‌ನ ಟ್ರಸ್ಟಿ ಬ್ಯಾಂಕಿಗೆ ಹೋಗಿ, ಯಾರದ್ದು ಎಷ್ಟು ಅಂತ ನಾವು ಕಳಿಸಿದ ಫೈಲಿನ ಮೊತ್ತಕ್ಕೆ ತಾಳೆಯಾಗುವ ತನಕ ನೌಕರರ ಖಾತೆಗೆ ಹೂಡಿಕೆಯ ಯೂನಿಟ್ ಬೀಳುವುದಿಲ್ಲ. ಆರು ತಿಂಗಳು ತಡವಾದರೆ ಬೀದಿ ಗುಡಿಸುವ ಹೆಂಗಸಿನ ಮುಪ್ಪಿನ ದುಡ್ಡು ಆರು ತಿಂಗಳು ಬೆಳೆಯಲೇ ಇಲ್ಲ ಅಂತ ಲೆಕ್ಕ. ನನಗೆ ಸಹಿಸಲಾಗದೆ ಇದ್ದದ್ದು ಅದು.

ಮೊದಲು ತಿಂಗಳ ವಸೂಲಿಯಲ್ಲೇ ಇಷ್ಟು ಪರ್ಸೆಂಟ್ ಅಂತ ತೆಗೆದಿಟ್ಟು ನೋಡಿದೆ. ಆಗಸ್ಟ್ ಹೊತ್ತಿಗೆ ವಸೂಲಿಯೇ ಇರಲಿಲ್ಲ. ಆಮೇಲೆ ಸ್ವೀಪ್ ಖಾತೆ, ಅಂದರೆ ಹೆಚ್ಚಿನ ದುಡ್ಡು ತಾನೇ ಠೇವಣಿಗೆ ಹೋಗಿ, ಬೇಕಾದಾಗ ತಾನೇ ಮುರಿಯುವ ಖಾತೆ. ಗುತ್ತಿಗೆದಾರರಿಗೆ ಕೊಟ್ಟಿದ್ದ ದೊಡ್ಡ ಚೆಕ್ಕೊಂದು ಪಾವತಿಗೆ ಬಂತು, ಠೇವಣಿ ತಾನೇ ಮುರಿಯಿತು, ಐದಾರು ಸಾವಿರ ಬಡ್ಡಿ ಹೋಯಿತು.

ಶೇ. 5 ರಿಯಾಯಿತಿ ಸಿಗುತ್ತದೆಂದು ಜನ ಏಪ್ರಿಲ್‌ನಲ್ಲೇ ಆಸ್ತಿ ತೆರಿಗೆ ಕಟ್ಟುತ್ತಾರೆ. ನಮಗೆ ಸುಮಾರು 80 ಲಕ್ಷ. ಅದರಲ್ಲಿ 24 ಲಕ್ಷ ಎತ್ತಿ ಎರಡೆರಡು ಲಕ್ಷದ ಹನ್ನೆರಡು ಎಫ್‌ಡಿ ಮಾಡಿದೆ, ತಿಂಗಳಿಗೊಂದು 20ನೇ ತಾರೀಖಿನ ಸುಮಾರಿಗೆ ಕೈಗೆ ಬರುವ ಹಾಗೆ. ಅನುದಾನ ಬಂದ ಕೂಡಲೇ ಆ ತಿಂಗಳ ಮೊತ್ತ ಸಾಮಾನ್ಯ ನಿಧಿಗೆ ವಾಪಸ್. ಕರೆಂಟ್ ಬಿಲ್ಲೂ ನಿಲ್ಲಲಿಲ್ಲ. ಠರಾವಿನಲ್ಲಿ ಎಫ್‌ಡಿ ನಂಬರ್ ಸಮೇತ ಬರೆಸಿ, ಇಲ್ಲದಿದ್ದರೆ ದಸರಾ ಹೊತ್ತಿಗೆ ಯಾರಾದರೂ ಮುರಿಸುತ್ತಾರೆ. ಬಡ್ಡಿ ದರ ಅರ್ಧ ಪರ್ಸೆಂಟ್ ಏರಿಸಿಕೊಂಡ ಬಗೆಯನ್ನು ಮಾತ್ರ ಇಲ್ಲಿ ಹೇಳಲಾರೆ.

ಇದರ ಜೊತೆಗೆ, ಯಾರು ಯಾವಾಗ ನಿವೃತ್ತರಾಗುತ್ತಾರೆಂದು ಮೊದಲೇ ತಿಳಿದು ದುಡ್ಡು ತೆಗೆದಿಡಲು ಇನ್ನೊಂದು ಪ್ರಯೋಗ ಮಾಡಿದೆ. ಹಳೇ ಪಿಂಚಣಿಯವರ (2006ಕ್ಕೆ ಮೊದಲು ಸೇರಿದವರ) ಸೇವಾ ಪುಸ್ತಕಗಳಿಂದ ಹುಟ್ಟಿದ ತಾರೀಖು ಪಟ್ಟಿ ಮಾಡಿದರೆ, ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ಜೂನ್ 1ಗಳೇ ಎಷ್ಟೊಂದು! ಒಂದನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೆಗೇ ನಿವೃತ್ತರು, ಅಂದರೆ ಮೇ 31ಕ್ಕೆ ಒಟ್ಟಿಗೇ. 300 ದಿನ ಗಳಿಕೆ ರಜೆ ಉಳಿಸಿಕೊಂಡವರಿಗೆ ನಗದೀಕರಣವೇ ತಲಾ ನಾಲ್ಕು ಲಕ್ಷದ ಹತ್ತಿರ. ಈ ಸಲ ಹಾಗೆ ನಿವೃತ್ತರಾದ ಐವರಿಗೂ ಏಪ್ರಿಲ್ ದುಡ್ಡಿನಿಂದಲೇ ಬೀಳ್ಕೊಡುಗೆಯ ವಾರದಲ್ಲೇ ಖಾತೆಗೆ ಹಾಕಿದ್ದೇವೆ. ಮುಂದಿನ ಮೇ ತಿಂಗಳಿಗೆ ಎಂಟು ಮಂದಿ ಇದ್ದಾರೆ. ಏಪ್ರಿಲ್ ದುಡ್ಡು ಸಾಲದು, ಬಸ್‌ಸ್ಟ್ಯಾಂಡ್ ಮಳಿಗೆಗಳ ಬಾಡಿಗೆಯಿಂದ ಈಗಲೇ ತೆಗೆದಿಡಲು ಶುರು ಮಾಡಿದ್ದೇನೆ.